ಮಾಗೂರ್ ಮರಿ ಯಾಕೆ ಸಿಗುತ್ತಿಲ್ಲ? ಹ್ಯಾಚರಿಯೊಳಗಿನ ಲೆಕ್ಕ

ಬಯೋಫ್ಲಾಕ್ ತೊಟ್ಟಿ, ಅಂದರೆ ಸೂಕ್ಷ್ಮಜೀವಿಗಳ ನೆರವಿನಿಂದ ಕಡಿಮೆ ನೀರಿನಲ್ಲಿ ಮೀನು ಸಾಕುವ ತೊಟ್ಟಿ, ಕಟ್ಟಿಸುವುದು ಈಗ ದೊಡ್ಡ ಮಾತಲ್ಲ. ಟಾರ್ಪಾಲಿನ್ ಸಿಗುತ್ತದೆ, ಗಾಳಿ ಊದುವ ಬ್ಲೋವರ್ ಸಿಗುತ್ತದೆ, ವಿಡಿಯೋಗಳಂತೂ ನೋಡಿದಷ್ಟೂ ಇವೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಶೇ 40ರಷ್ಟು ಸಹಾಯಧನ ಉಂಟು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದು ಶೇ 60. ಹಾಗಾಗಿ ಕರ್ನಾಟಕದಲ್ಲೂ ಮೀನು ಸಾಕಣೆಗೆ ಹೊಸದಾಗಿ ಇಳಿದವರು ಕಡಿಮೆ ಏನಿಲ್ಲ. ತೊಡಕು ಎದುರಾಗುವುದು ತೊಟ್ಟಿಗೆ ನೀರು ತುಂಬಿಸಿದ ಮೇಲೆ. ಮರಿ ಎಲ್ಲಿಂದ ತರೋದು?

ಕಾಟ್ಲಾ, ರೋಹು ಆದರೆ ಮೀನುಗಾರಿಕೆ ಇಲಾಖೆಯ ಫಾರಂಗೆ ಹೋದರೆ ಕೆಲಸ ಆಗುತ್ತದೆ. ಮಾಗೂರ್ ಅನ್ನುವ ಮೀಸೆಯ ಮೀನು ಬೇಕು ಅಂದರೆ ಮಾತ್ರ ಯಾರೋ ಒಬ್ಬರು ಕೋಲ್ಕತ್ತದ ಕಡೆಯ ಫೋನ್ ನಂಬರ್ ಕೊಡುತ್ತಾರೆ. ಮರಿ ಆಮ್ಲಜನಕ ತುಂಬಿದ ಪಾಲಿಥೀನ್ ಚೀಲದಲ್ಲಿ ದೂರದಿಂದ ಬರುತ್ತದೆ. ಒಂದಿಷ್ಟು ದಾರಿಯಲ್ಲೇ ಸಾಯುತ್ತವೆ, ಇನ್ನೊಂದಿಷ್ಟು ಮೊದಲ ವಾರದಲ್ಲಿ. ಉಳಿದವು ಬೆಳೆದ ಮೇಲೆ, ಇದು ಮಾಗೂರ್ ಅಲ್ಲವೇ ಅಲ್ಲ, ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಅಂತ ಗೊತ್ತಾಗುವುದೂ ಉಂಟು.

ಹಾಗಂತ ಮಾಗೂರ್ ಮರಿ ಮಾಡುವ ವಿಧಾನ ಯಾರಿಗೂ ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತಿದೆ. ಭುವನೇಶ್ವರದ ಕೌಸಲ್ಯಾಗಂಗಾದಲ್ಲಿರುವ ಕೇಂದ್ರ ಸಿಹಿನೀರು ಮೀನು ಕೃಷಿ ಸಂಸ್ಥೆ, ಅಂದರೆ ಸೀಫಾ, ಈ ವಿಧಾನವನ್ನು ಹಂತ ಹಂತವಾಗಿ ರೂಪಿಸಿ ತರಬೇತಿಯನ್ನೂ ಕೊಡುತ್ತಾ ಬಂದಿದೆ. ಹೀಗಿದ್ದೂ ಅದು ಹಳ್ಳಿಯ ಹ್ಯಾಚರಿಗಳಲ್ಲಿ, ಅಂದರೆ ಮರಿ ಮಾಡುವ ಕೇಂದ್ರಗಳಲ್ಲಿ, ಪೂರ್ತಿಯಾಗಿ ಬೇರೂರಿಲ್ಲ. ಯಾಕೆ ಅಂತ ತಿಳಿಯಲು ಮೀನಿನಿಂದಲೇ ಶುರುಮಾಡಬೇಕು.

ಮೀಸೆಯ ಮೀನು

ಕ್ಯಾಟ್‌ಫಿಶ್ ಅನ್ನುವುದು ಒಂದೇ ಮೀನಿನ ಹೆಸರಲ್ಲ. ಬಾಯಿಯ ಸುತ್ತ ಮೀಸೆ ಇರುವ, ಮೈಮೇಲೆ ಹುರುಪೆ ಇಲ್ಲದ ಸಾವಿರಾರು ಜಾತಿಗಳಿಗೆ ಸೇರಿಸಿ ಹೇಳುವ ಹೆಸರು. ನಮ್ಮ ಬಾಳೆಮೀನು, ಚೇಳುಮೀನು, ಹೋಟೆಲ್‌ಗಳಲ್ಲಿ ಮುಳ್ಳಿಲ್ಲದ ತುಂಡಾಗಿ ಸಿಗುವ ಪಂಗಾಸಿಯಸ್ ಎಲ್ಲವೂ ಇದೇ ಬಳಗದವು.

ಮಾಗೂರ್ ಉತ್ತರ ಮತ್ತು ಪೂರ್ವ ಭಾರತದ ಗದ್ದೆ, ಜೌಗು, ಹಳ್ಳಗಳ ಮೀನು. ಬಿಹಾರದ ರಾಜ್ಯಮೀನು. ಬಂಗಾಳ, ಅಸ್ಸಾಂನಲ್ಲಿ ಕಾಯಿಲೆಯಿಂದ ಎದ್ದವರಿಗೆ, ಬಾಣಂತಿಯರಿಗೆ ಇದರ ಸಾರು ಮಾಡಿ ಕೊಡುವ ರೂಢಿ ಇದೆ. ಹಾಗಾಗಿ ಅಲ್ಲಿ ಬೆಲೆಯೂ ಜಾಸ್ತಿ. ಕಿವಿರಿನ ಮೇಲ್ಭಾಗದಲ್ಲಿ ಪುಟ್ಟ ಪೊದೆಯಂಥ ಅಂಗ ಇರುವುದರಿಂದ ಇದು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಆಮ್ಲಜನಕ ಕಡಿಮೆ ಇರುವ ಕೊಚ್ಚೆ ನೀರಿನಲ್ಲೂ ಬದುಕುತ್ತದೆ. ತೊಟ್ಟಿಯಲ್ಲಿ ಒತ್ತೊತ್ತಾಗಿ ಸಾಕುವವರಿಗೆ ಇದು ಹಿಡಿಸುವುದು ಅದಕ್ಕೇ.

ಆದರೆ ಗದ್ದೆಗೆ ಬಿದ್ದ ಕೀಟನಾಶಕ, ಬತ್ತಿದ ಜೌಗು, ಮಿತಿಮೀರಿದ ಬೇಟೆ ಎಲ್ಲ ಸೇರಿ ಹಳ್ಳ-ಗದ್ದೆಯಲ್ಲಿ ತಾನಾಗಿ ಬೆಳೆಯುವ ಮಾಗೂರ್ ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜಾತಿ. ನಮ್ಮ ಕರಾವಳಿಯಲ್ಲಿ ಮೊದಲ ಮಳೆಗೆ ತೋಡು ಹತ್ತುವ ಮುಗುಡು ಇದರ ದಾಯಾದಿ, ಪಶ್ಚಿಮ ಘಟ್ಟದ ಬೇರೆಯೇ ಜಾತಿ. ಅದರ ಮಾತು ಇಲ್ಲಿ ಬೇಡ.

ಹಳ್ಳ-ಗದ್ದೆಯಲ್ಲಿ ಮರಿ ಸಿಗದಿದ್ದ ಮೇಲೆ ಉಳಿಯುವುದು ಹ್ಯಾಚರಿ ಒಂದೇ. ಹ್ಯಾಚರಿ ಅಂದರೆ ತಾಯಿ-ತಂದೆ ಮೀನುಗಳನ್ನು ಸಾಕಿ, ಅವುಗಳಿಂದ ಮೊಟ್ಟೆ ಪಡೆದು, ಮರಿ ಮಾಡಿ, ಸಾಕಣೆದಾರರಿಗೆ ಕೊಡುವಷ್ಟು ದೊಡ್ಡದು ಮಾಡುವ ಜಾಗ. ಮೊಟ್ಟೆ ಒಡೆದು ಹೊರಬಂದ ಎಳೆಯದು ಸ್ಪಾನ್. ಸ್ವಲ್ಪ ಬೆಳೆದರೆ ಫ್ರೈ. ಬೆರಳುದ್ದ ಆದರೆ ಫಿಂಗರ್ಲಿಂಗ್. ಈ ಮೂರು ಹಂತ ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಕಾಟ್ಲಾಗೆ ಸುಲಭ, ಇದಕ್ಕೆ ಯಾಕಿಲ್ಲ?

ಭಾರತದಲ್ಲಿ ಗೆಂಡೆ ಜಾತಿಯ ಮೀನುಗಳಿಗೆ, ಅಂದರೆ ಕಾಟ್ಲಾ, ರೋಹು ಬಳಗಕ್ಕೆ, ಹಾರ್ಮೋನ್ ಚುಚ್ಚಿ ಮರಿ ಮಾಡಿದ್ದು 1957ರಲ್ಲಿ. ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಒಡಿಶಾದಲ್ಲಿ ಜುಲೈ 10ರಂದು ಅದನ್ನು ಸಾಧಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಆಮೇಲೆ ಚೀನೀ ಮಾದರಿಯ ದುಂಡು ತೊಟ್ಟಿಯ ಹ್ಯಾಚರಿ ಬಂತು. ಸಂಜೆ ಮೀನಿಗೆ ಚುಚ್ಚುಮದ್ದು ಕೊಟ್ಟು ಸುತ್ತುವ ನೀರಿಗೆ ಬಿಟ್ಟರೆ ರಾತ್ರಿ ಅವೇ ಮೊಟ್ಟೆ ಇಡುತ್ತವೆ, ಗಂಡು ತಾನೇ ಬೀಜ, ಅಂದರೆ ವೀರ್ಯ, ಬಿಡುತ್ತದೆ. ಮೊಟ್ಟೆ ಅಂಟುವುದಿಲ್ಲ, ನೀರಿನ ಜೊತೆ ಸುತ್ತುತ್ತಲೇ ಒಡೆಯುತ್ತದೆ. ಒಂದು ಕೆಜಿ ತೂಕದ ಹೆಣ್ಣಿನಿಂದ ಲಕ್ಷಗಟ್ಟಲೆ ಮೊಟ್ಟೆ. ಅರ್ಧದಷ್ಟು ಸತ್ತರೂ ಹ್ಯಾಚರಿಯವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮಾಗೂರ್‌ನ ಸ್ವಭಾವವೇ ಬೇರೆ. ಮಳೆಗಾಲದಲ್ಲಿ ಗದ್ದೆಬದುವಿನ ಬಿಲದಂಥ ಗೂಡಿನಲ್ಲಿ ಮೊಟ್ಟೆ ಅಂಟಿಸುತ್ತದೆ. ಗಂಡು ಅದನ್ನು ಕಾಯುತ್ತದೆ. ಕಾಯುವ ತಂದೆ ಇರುವ ಮೀನಿಗೆ ಲಕ್ಷ ಮೊಟ್ಟೆ ಯಾಕೆ ಬೇಕು? 150 ಗ್ರಾಂ ತೂಗುವ ಹೆಣ್ಣು ಕೆಲವೇ ಸಾವಿರ ಮೊಟ್ಟೆ ಕೊಡುತ್ತದೆ. ತೊಟ್ಟಿಯಲ್ಲಿ ಚುಚ್ಚುಮದ್ದು ಕೊಟ್ಟು ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ ತಾನಾಗಿ ಮೊಟ್ಟೆ ಇಡುವುದಿಲ್ಲ. ಎಲ್ಲವನ್ನೂ ಮನುಷ್ಯನ ಕೈಯೇ ಮಾಡಬೇಕು.

ಒಂದು ತಂಡ ಮರಿ ಹುಟ್ಟುವ ಬಗೆ

ಜೂನ್‌ನಿಂದ ಆಗಸ್ಟ್‌ವರೆಗೆ ಇದರ ಕಾಲ. ವರ್ಷ ತುಂಬಿದ, 100-150 ಗ್ರಾಂ ಮೇಲ್ಪಟ್ಟ ಮೀನುಗಳನ್ನು ಆರಿಸಬೇಕು. ಹೊಟ್ಟೆಯ ಕೆಳಗೆ, ಗುದದ ಹಿಂದಿನ ಚಿಕ್ಕ ಅಂಗ ಉದ್ದ, ಚೂಪಾಗಿದ್ದರೆ ಗಂಡು. ದುಂಡಗೆ ಗುಂಡಿಯಂತಿದ್ದರೆ ಹೆಣ್ಣು.

ಹೆಣ್ಣಿಗೆ ಕೆಜಿ ತೂಕಕ್ಕೆ ಸುಮಾರು 1ರಿಂದ 1.5 ಮಿಲಿಲೀಟರ್ ಲೆಕ್ಕದಲ್ಲಿ ಓವಾಪ್ರಿಮ್‌ನಂಥ ಸಿದ್ಧ ಹಾರ್ಮೋನ್ ಚುಚ್ಚುತ್ತಾರೆ. ಬಳಿಕ 16ರಿಂದ 18 ಗಂಟೆ ಕಾಯಬೇಕು. ಈ ಕಾಯುವ ಹೊತ್ತು ನೀರಿನ ಉಷ್ಣತೆಯ ಮೇಲೆ ಹೋಗುತ್ತದೆ. ತಣ್ಣಗಿದ್ದರೆ ಹೆಚ್ಚು, ಬಿಸಿಯಿದ್ದರೆ ಕಡಿಮೆ. ಬೇಗ ಹಿಂಡಿದರೆ ಮೊಟ್ಟೆ ಬರುವುದಿಲ್ಲ, ಬಲವಂತ ಮಾಡಿದರೆ ಮೀನಿಗೆ ಗಾಯ. ತಡವಾದರೆ ಮೊಟ್ಟೆ ಹೊಟ್ಟೆಯೊಳಗೇ ಹಳಸುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಮರಿ ಮಾತ್ರ ಆಗುವುದಿಲ್ಲ. ಹದ ಬಂದಾಗ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಮೊಟ್ಟೆ ಒಣ ತಟ್ಟೆಗೆ ಇಳಿಯುತ್ತದೆ.

ಗಂಡಿನ ವಿಷಯ ಇನ್ನೂ ಕಷ್ಟ. ರೋಹುವಿನ ಗಂಡಾದರೆ ಹೊಟ್ಟೆ ಒತ್ತಿದರೆ ಸಾಕು, ಬೀಜ ಬರುತ್ತದೆ. ಮಾಗೂರ್‌ನ ಅಂಗರಚನೆಯಲ್ಲಿ ಹಾಗೆ ಬರುವುದಿಲ್ಲ. ಗಂಡನ್ನು ಕೊಂದು, ಹೊಟ್ಟೆ ಸೀಳಿ, ಬೀಜಕೋಶ ತೆಗೆದು, ಶೇ 0.9ರ ಉಪ್ಪುನೀರಿನಲ್ಲಿ ಅರೆದು ಮೊಟ್ಟೆಗೆ ಬೆರೆಸಬೇಕು. ಆ ಕೋಶವೂ ತೀರಾ ಚಿಕ್ಕದು. ಒಂದು ಗಂಡಿನದು ಹಲವು ಹೆಣ್ಣುಗಳಿಗೆ ಸಾಲುವುದಿಲ್ಲ. ಅಂದರೆ ಪ್ರತಿ ಹಂಗಾಮಿಗೂ ಹ್ಯಾಚರಿಯವರು ವರ್ಷವಿಡೀ ತಿನ್ನಿಸಿ ಸಾಕಿದ ಗಂಡುಗಳನ್ನೆಲ್ಲ ಕಳೆದುಕೊಳ್ಳುತ್ತಾರೆ. ಬೀಜವನ್ನು ಅತಿ ಶೈತ್ಯದಲ್ಲಿ ಕಾಪಿಡುವ ತಂತ್ರ ಸಂಶೋಧನಾ ಸಂಸ್ಥೆಗಳಲ್ಲಿ ಇದೆ. ಆದರೆ ದ್ರವ ಸಾರಜನಕದ ಡಬ್ಬ ಹಳ್ಳಿ ಹ್ಯಾಚರಿಗೆ ಬರುವ ವಸ್ತುವಲ್ಲ.

ಬೀಜ ಸೇರಿದ ಮೊಟ್ಟೆ ಅಂಟು. ಒಂದರ ಮೇಲೊಂದು ಕೂತರೆ ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ಸತ್ತ ಮೊಟ್ಟೆಗೆ ಬಿಳಿ ಬೂಷ್ಟು ಹಿಡಿದು ಪಕ್ಕದ ಜೀವಂತ ಮೊಟ್ಟೆಗೂ ಹಬ್ಬುತ್ತದೆ. ಅದಕ್ಕೇ ಸೀಫಾದ ವಿಧಾನದಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಟಬ್ ಇಟ್ಟು, ಒಂದೊಂದಕ್ಕೂ ಪೈಪಿನಿಂದ ಸಣ್ಣ ನೀರಿನ ಹರಿವು ಕೊಟ್ಟು, ಮೊಟ್ಟೆಯನ್ನು ತೆಳುವಾಗಿ ಹರಡುತ್ತಾರೆ. 27ರಿಂದ 30 ಡಿಗ್ರಿಯಲ್ಲಿ ಒಂದು ದಿನದ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ.

ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡರೆ ತಪ್ಪು. ನಿಜವಾದ ಸಾವು-ನೋವು ಶುರುವಾಗುವುದೇ ಇಲ್ಲಿಂದ. ಮೂರು-ನಾಲ್ಕು ದಿನ ಮರಿ ತನ್ನ ಹೊಟ್ಟೆಗೆ ಅಂಟಿದ ಆಹಾರದ ಭಂಡಾರದಲ್ಲೇ ಬದುಕುತ್ತದೆ. ಅದು ಮುಗಿದ ತಕ್ಷಣ ಬಾಯಿಗೆ ಸಿಗುವಷ್ಟು ಸಣ್ಣ, ಜೀವಂತ ಆಹಾರ ಬೇಕು. ಒಳ್ಳೆಯದು ಅಂದರೆ ಆರ್ಟೀಮಿಯಾ ಅನ್ನುವ, ಉಪ್ಪುನೀರಿನಲ್ಲಿ ಬದುಕುವ ಸೀಗಡಿಯಂಥ ಪುಟ್ಟ ಜೀವಿಯ ಎಳೆಮರಿ. ಅದರ ಒಣ ಮೊಟ್ಟೆ ಡಬ್ಬದಲ್ಲಿ ಬರುತ್ತದೆ. ಉಪ್ಪುನೀರಿನಲ್ಲಿ ಗಾಳಿ ಕೊಟ್ಟು ಒಂದು ದಿನ ಇಟ್ಟರೆ ಒಡೆಯುತ್ತದೆ. ಮೀನುಮರಿಗೆ ದಿನಕ್ಕೆ ಹಲವು ಸಲ, ರಾತ್ರಿಯೂ ಸೇರಿ, ಅದನ್ನು ಕೊಡಬೇಕು.

ಹತ್ತು-ಹನ್ನೊಂದನೇ ದಿನ ಮತ್ತೊಂದು ಗಂಡಾಂತರ. ಆಗ ಮರಿ ಗಾಳಿ ಉಸಿರಾಡಲು ಕಲಿಯುತ್ತದೆ, ಪದೇ ಪದೇ ಮೇಲೆ ಬರುತ್ತದೆ. ನೀರು ಆಳವಿದ್ದರೆ ಹತ್ತಿ ಇಳಿದು ಸುಸ್ತಾಗಿ ಸಾಯುತ್ತದೆ. ಹಾಗಾಗಿ ತೊಟ್ಟಿಯಲ್ಲಿ ಗೇಣಿಗಿಂತಲೂ ಕಡಿಮೆ ನೀರು ಇಡುತ್ತಾರೆ. ಈ ನಡುವೆ ದೊಡ್ಡ ಮರಿ ಚಿಕ್ಕದನ್ನು ನುಂಗತೊಡಗುತ್ತದೆ. ಆಗಾಗ ಜರಡಿ ಹಿಡಿದು ಗಾತ್ರದ ಪ್ರಕಾರ ಬೇರ್ಪಡಿಸಬೇಕು. ಸುಮಾರು ಎರಡು ವಾರವಾದ ಮೇಲೆ ಹೊರಗಿನ ತೊಟ್ಟಿಗೆ ಬಿಟ್ಟರೆ ಅಲ್ಲಿ ಕಪ್ಪೆ, ನೀರುಹುಳು, ಹಕ್ಕಿಗಳು ಕಾಯುತ್ತಿರುತ್ತವೆ.

ಉತ್ತಮ ಹ್ಯಾಚರಿ ಪದ್ಧತಿ ಅಂದರೆ ಈ ಒಂದೊಂದು ಹೆಜ್ಜೆಯನ್ನೂ ಸರಿಯಾಗಿ ಇಡುವುದು. ತಾಯಿ-ತಂದೆ ಮೀನಿನ ವಂಶದ ಲೆಕ್ಕ ಬರೆದಿಡುವುದು, ಥರ್ಮಾಮೀಟರ್ ನೋಡಿ ಹೊತ್ತು ಗೊತ್ತುಮಾಡುವುದು, ಟಬ್ ತೊಳೆದು ಒಣಗಿಸುವುದು, ಸತ್ತ ಮೊಟ್ಟೆ ಹೆಕ್ಕುವುದು, ಕಾಯಿಲೆ ಬರುವ ಮೊದಲೇ ಸಿಕ್ಕಾಪಟ್ಟೆ ಆಂಟಿಬಯೋಟಿಕ್ ಸುರಿಯದಿರುವುದು. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ಆದರೆ ಸರಪಳಿಯ ಒಂದು ಕೊಂಡಿ ತಪ್ಪಿದರೂ ಹಿಂದಿನ ಶ್ರಮವೆಲ್ಲ ನೀರಿಗೆ.

ಗೊತ್ತಿದ್ದೂ ಯಾಕೆ ಮಾಡುವುದಿಲ್ಲ?

ರೈತರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಹೊಸ ಪದ್ಧತಿ ಬರುತ್ತಿಲ್ಲ ಅನ್ನುವುದು ಸಭೆಗಳಲ್ಲಿ ಸುಲಭವಾಗಿ ಬರುವ ಮಾತು. ಅದರಲ್ಲಿ ಸತ್ಯ ಸ್ವಲ್ಪವೇ ಇದೆ. ಹ್ಯಾಚರಿಯವರ ಖರ್ಚಿನ ಪುಸ್ತಕ ನೋಡಿದರೆ ಬೇರೆ ಕಾರಣಗಳು ಕಾಣುತ್ತವೆ.

ಮೊದಲನೆಯದು ಕಾಲ. ಗೆಂಡೆ ಹ್ಯಾಚರಿಗೆ ಹಲವು ಜಾತಿ, ಕೋಟಿಗಟ್ಟಲೆ ಸ್ಪಾನ್, ಉದ್ದದ ಹಂಗಾಮು. ಮಾಗೂರ್ ಹ್ಯಾಚರಿಗೆ ಮೂರು ತಿಂಗಳು. ಉಳಿದ ಒಂಬತ್ತು ತಿಂಗಳು ಟಬ್, ಪಂಪು, ಶೆಡ್ ಖಾಲಿ. ಆದರೆ ತಾಯಿ-ತಂದೆ ಮೀನಿಗೆ ಮಾತ್ರ ಆ ಒಂಬತ್ತು ತಿಂಗಳೂ ಪ್ರೋಟೀನ್ ಜಾಸ್ತಿಯಿರುವ ಆಹಾರ ಹಾಕುತ್ತಲೇ ಇರಬೇಕು. ಮಾರಿದರೆ ಒಳ್ಳೆ ಬೆಲೆ ಸಿಗುವ ಮೀನನ್ನು ಮಾರದೆ ಇಟ್ಟುಕೊಂಡು ತಿನ್ನಿಸುವುದು ಅಂದರೆ ಸಾಮಾನ್ಯ ಕುಟುಂಬಕ್ಕೆ ಕಷ್ಟವೇ. ಹಾಗಾಗಿ ಬಹಳ ಜನ ಒಂದು ಉಪಾಯ ಮಾಡುತ್ತಾರೆ. ಮೇ ಕೊನೆಯಲ್ಲಿ ಸಂತೆಯಿಂದ ಬೆಳೆದ ಮಾಗೂರ್ ಕೊಂಡು ತಂದು ಅದಕ್ಕೇ ಚುಚ್ಚುತ್ತಾರೆ. ಬುಟ್ಟಿಯಲ್ಲಿ ತಿಕ್ಕಾಡಿ ಗಾಯಗೊಂಡ, ವಯಸ್ಸು-ಮೂಲ ಗೊತ್ತಿಲ್ಲದ ಮೀನು. ಮೊಟ್ಟೆ ಬಂದರೆ ಬಂತು. ಇದು ಕೆಟ್ಟ ಪದ್ಧತಿ ಅಂತ ಅವರಿಗೂ ಗೊತ್ತು. ಅವರ ಜೇಬಿನ ಅಳತೆಗೆ ಕೂಡುವುದು ಅದೇ.

ಎರಡನೆಯದು ಕರೆಂಟು. ಟಬ್‌ಗಳಿಗೆ ನೀರು ಹಗಲು-ರಾತ್ರಿ ಹರಿಯಬೇಕು. ಕರ್ನಾಟಕದಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ ಅನ್ನುವುದು ಸರ್ಕಾರದ ನೀತಿ. ಉಳಿದ ಹದಿನೇಳು ಗಂಟೆಗೆ ಓವರ್‌ಹೆಡ್ ಟ್ಯಾಂಕ್ ಬೇಕು, ಇಲ್ಲವೇ ಜನರೇಟರ್ ಮತ್ತು ಡೀಸೆಲ್. ಬೆಳೆಗೆ ಒಂದು ದಿನ ನೀರು ತಪ್ಪಿದರೆ ಬಾಡೀತು, ಮರುದಿನ ಸುಧಾರಿಸೀತು. ಒತ್ತೊತ್ತಾಗಿರುವ ಎಳೆಮರಿಗೆ ಕೆಲವು ಗಂಟೆ ಹರಿವು ನಿಂತರೆ ಆ ತಂಡವೇ ಮುಗಿಯಿತು.

ಮೂರನೆಯದು ಆರ್ಟೀಮಿಯಾ. ಜಗತ್ತಿಗೆ ಇದರ ಮುಖ್ಯ ಮೂಲಗಳಲ್ಲಿ ಒಂದು ಅಮೆರಿಕದ ಯೂಟಾ ರಾಜ್ಯದ ದೊಡ್ಡ ಉಪ್ಪು ಸರೋವರ. ಒಳ್ಳೆಯ ಆಮದು ಡಬ್ಬಕ್ಕೆ ಸಾವಿರಗಟ್ಟಲೆ ರೂಪಾಯಿ. ಅದನ್ನು ಉಳಿಸಲು ಹೋಗಿ ಬೇಯಿಸಿದ ಕೋಳಿಮೊಟ್ಟೆಯ ಹಳದಿ ಕಿವುಚಿ ಹಾಕುತ್ತಾರೆ. ಮರಿ ತಿಂದದ್ದು ಸ್ವಲ್ಪ, ನೀರು ಕೆಡಿಸಿದ್ದು ಜಾಸ್ತಿ. ಇಲ್ಲವೇ ಕೆರೆಯಿಂದ ಬಲೆ ಹಾಕಿ ಸೂಕ್ಷ್ಮಜೀವಿಗಳನ್ನು ತಂದು ಹಾಕುತ್ತಾರೆ. ಅದು ಒಳ್ಳೆಯ ಆಹಾರವೇ, ಆದರೆ ಜೊತೆಗೆ ಮರಿ ತಿನ್ನುವ ಹುಳುವೂ ರೋಗವೂ ಬರುತ್ತದೆ.

ಸಾಲದ ಮಾತನ್ನು ಬೇಗ ಮುಗಿಸಬಹುದು. ಕಿಸಾನ್ ಕ್ರೆಡಿಟ್ ಕಾರ್ಡನ್ನು 2018-19ರ ಬಜೆಟ್‌ನಲ್ಲಿ ಮೀನು ಸಾಕುವವರಿಗೂ ವಿಸ್ತರಿಸಿದರು. ಮತ್ಸ್ಯ ಸಂಪದದಲ್ಲಿ ಹೊಸ ಸಿಹಿನೀರು ಹ್ಯಾಚರಿಗೆ 25 ಲಕ್ಷ ರೂಪಾಯಿ ಘಟಕ ವೆಚ್ಚ ಎಂದು ಗೊತ್ತುಮಾಡಿದ್ದಾರೆ. ಆದರೆ ಸಹಾಯಧನ ಸಿಗುವುದು ಕಟ್ಟಡಕ್ಕೆ, ಯಂತ್ರಕ್ಕೆ. ಒಂಬತ್ತು ತಿಂಗಳ ಮೀನಿನ ಆಹಾರಕ್ಕೂ ರಾತ್ರಿ ಕಾವಲಿನ ಕೂಲಿಗೂ ದುಡ್ಡು ತಮ್ಮದೇ ಕೈಯಿಂದ.

ಇಷ್ಟೆಲ್ಲ ಇದ್ದರೂ ನನ್ನ ಪ್ರಕಾರ ಇವು ಯಾವುದೂ ದೊಡ್ಡ ಅಡ್ಡಿಯಲ್ಲ. ದೊಡ್ಡ ಅಡ್ಡಿ ಮಾರಾಟದ ಹೊತ್ತಿನಲ್ಲಿದೆ.

ಒಳ್ಳೆ ಮರಿಗೆ ಒಳ್ಳೆ ಬೆಲೆ ಯಾಕೆ ಸಿಗಲ್ಲ?

ನರ್ಸರಿಯಲ್ಲಿ ತೆಂಗಿನ ಸಸಿ ಕೊಳ್ಳುವಾಗ ಆಗುವುದೇ ಇಲ್ಲಿಯೂ ಆಗುತ್ತದೆ. ಸಸಿ ಹಸಿರಾಗಿದೆ, ನೆಟ್ಟಗಿದೆ. ಯಾವ ಮರದ ಕಾಯಿಂದ ಬಂತು ಅನ್ನುವುದು ಫಲ ಬಿಟ್ಟ ಮೇಲೆಯೇ ತಿಳಿಯುವುದು. ಮೀನುಮರಿಯೂ ಅಷ್ಟೇ. ಚೀಲದಲ್ಲಿ ಎಲ್ಲವೂ ಚುರುಕಾಗಿಯೇ ಓಡಾಡುತ್ತಿರುತ್ತವೆ. ಗುಣ ಗೊತ್ತಾಗುವುದು ವಾರಗಳು, ತಿಂಗಳುಗಳು ಕಳೆದ ಮೇಲೆ. ಆಗ ಯಾರನ್ನು ಕೇಳುವುದು? ಮರಿ ನಿಮ್ಮ ಕೈ ಸೇರುವಷ್ಟರಲ್ಲಿ ಎರಡು ಮೂರು ದಲ್ಲಾಳಿಗಳ ತೊಟ್ಟಿ ದಾಟಿರುತ್ತದೆ. ಪಶ್ಚಿಮ ಬಂಗಾಳದ ನೈಹಾಟಿಯಂಥ ದೊಡ್ಡ ಮೀನುಮರಿ ಮಾರುಕಟ್ಟೆಗೆ ಬೇರೆ ಬೇರೆ ಹ್ಯಾಚರಿಗಳ ಮರಿ ಬರುತ್ತದೆ. ಕೈ ಬದಲಾದಷ್ಟೂ ಯಾವ ಮರಿ ಎಲ್ಲಿಯದು ಅನ್ನುವ ಗುರುತು ಅಳಿಸುತ್ತಾ ಹೋಗುತ್ತದೆ.

ಅರ್ಥವಾಗಲಿ ಅಂತ ಒಂದು ಊಹೆಯ ಲೆಕ್ಕ ಇಟ್ಟುಕೊಳ್ಳೋಣ. ಒಂದು ಹ್ಯಾಚರಿ ಎಲ್ಲವನ್ನೂ ಸರಿಯಾಗಿ ಮಾಡಿ ಮರಿಗೆ 3 ರೂಪಾಯಿ ಕೇಳುತ್ತದೆ. ಇನ್ನೊಂದು ಹೇಗೋ ಮಾಡಿ ಒಂದೂವರೆ ರೂಪಾಯಿಗೆ ಕೊಡುತ್ತದೆ. ಸಾವಿರ ಮರಿ ಕೊಂಡರೆ ಮೊದಲನೆಯದಕ್ಕೆ 3,000, ಎರಡನೆಯದಕ್ಕೆ 1,500. ಮೊದಲನೆಯದರಲ್ಲಿ 800 ಉಳಿದವು ಅನ್ನಿ, ಎರಡನೆಯದರಲ್ಲಿ 300. ಉಳಿದ ಮೀನಿನ ಲೆಕ್ಕದಲ್ಲಿ ಮೊದಲನೆಯದು ತಲಾ 3 ರೂಪಾಯಿ 75 ಪೈಸೆ, ಎರಡನೆಯದು ತಲಾ 5 ರೂಪಾಯಿ. ಅಗ್ಗದ್ದೇ ದುಬಾರಿ. ಮೇಲಿಂದ ಮುಕ್ಕಾಲು ಖಾಲಿ ತೊಟ್ಟಿಗೆ ಇಡೀ ಹಂಗಾಮು ಕರೆಂಟು ಬಿಲ್ ಕಟ್ಟಿದ್ದು ಬೇರೆ.

ಈ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಕೊಳ್ಳುವ ದಿನ ಯಾವುದು 800ರ ಮರಿ, ಯಾವುದು 300ರ ಮರಿ ಅಂತ ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಹಾಗಾಗಿ ಕೊಳ್ಳುವವರು ಕಾಣುವ ಒಂದೇ ಸಂಖ್ಯೆಯನ್ನು, ಅಂದರೆ ಬೆಲೆಯನ್ನು, ನೋಡಿ ಕೊಳ್ಳುತ್ತಾರೆ. ಶ್ರದ್ಧೆಯಿಂದ ಮಾಡಿದವರ ಮರಿ ಉಳಿಯುತ್ತದೆ. ಎರಡು ಹಂಗಾಮು ಹೀಗಾದರೆ ಅವರೂ ಆರ್ಟೀಮಿಯಾ ಬಿಟ್ಟು ಮೊಟ್ಟೆಯ ಹಳದಿಗೆ ಇಳಿಯುತ್ತಾರೆ. ಖರ್ಚು ಹ್ಯಾಚರಿಯವರದು, ಲಾಭ ಮರಿ ಕೊಂಡವರದು. ಆ ಲಾಭದ ಪಾಲು ಹಿಂದಿರುಗಿ ಹ್ಯಾಚರಿಗೆ ಬರುವ ದಾರಿ ಇಲ್ಲದಿದ್ದರೆ ಎಷ್ಟು ತರಬೇತಿ ಕೊಟ್ಟರೂ ಅಷ್ಟೇ.

ಇದಕ್ಕೆ ಮದ್ದು ಪ್ರಮಾಣಪತ್ರ. ಬೆಳೆಗಳ ಬೀಜಕ್ಕೆ 1966ರಿಂದಲೇ ಬೀಜ ಕಾಯ್ದೆ ಇದೆ. ಮೀನುಮರಿ ಅದರೊಳಗೆ ಬರುವುದಿಲ್ಲ. ಅಸ್ಸಾಂ 2005ರಲ್ಲಿ, ಕೇರಳ 2014ರಲ್ಲಿ ಮೀನುಮರಿಗೇ ಪ್ರತ್ಯೇಕ ಕಾಯ್ದೆ ಮಾಡಿಕೊಂಡವು. ಕಾಯ್ದೆ ಇದ್ದರೂ ಮಳೆಗಾಲದ ಮೂರು ತಿಂಗಳಲ್ಲಿ ಹ್ಯಾಚರಿಯಿಂದ ಹ್ಯಾಚರಿಗೆ ಓಡಾಡಿ ಪರೀಕ್ಷಿಸುವ ಸಿಬ್ಬಂದಿ ಬೇಕು. ಕಾಗದದ ಮುದ್ರೆಯಿಂದ ಮರಿಯ ಗುಣ ಬರುವುದಿಲ್ಲ.

ನಿಷೇಧಿತ ದಾಯಾದಿ

ಮಾಗೂರ್ ಹ್ಯಾಚರಿಯವರ ಮೈಮೇಲೆ ಇನ್ನೊಂದು ಪೈಪೋಟಿ ಇದೆ. ಥಾಯ್ ಮಾಗೂರ್ ಅಂತ ಕರೆಯುವ ಮೀನು ಮೂಲದಲ್ಲಿ ಆಫ್ರಿಕಾದ್ದು. ಯಾರ ಅನುಮತಿಯೂ ಇಲ್ಲದೆ ಭಾರತಕ್ಕೆ ನುಸುಳಿತು. ಮಾಗೂರ್ ವರ್ಷಕ್ಕೆ 100-150 ಗ್ರಾಂ ಬೆಳೆದರೆ ಇದು ಅಷ್ಟರಲ್ಲಿ ಕೆಜಿ ದಾಟುತ್ತದೆ. ಕೋಳಿ ಅಂಗಡಿಯ ತ್ಯಾಜ್ಯ ಹಾಕಿದರೂ ತಿಂದು ಕೊಬ್ಬುತ್ತದೆ. ಹೊಂಡ ತುಂಬಿ ಹರಿದು ಕೆರೆ ಸೇರಿದರೆ ಸ್ಥಳೀಯ ಮೀನುಗಳನ್ನು ನುಂಗಿ ಖಾಲಿಮಾಡುತ್ತದೆ. ಕೇಂದ್ರ ಸರ್ಕಾರ 2000ದಲ್ಲೇ ಇದರ ಸಾಕಣೆಯನ್ನು ನಿಷೇಧಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಕ್ರಮಕ್ಕೆ ಸೂಚಿಸಿದೆ. ಬೆಂಗಳೂರು ಸುತ್ತಮುತ್ತ ಅಧಿಕಾರಿಗಳು ಇಂಥ ಹೊಂಡಗಳನ್ನು ನಾಶಮಾಡಿದ ಸುದ್ದಿ ಈಗಲೂ ಆಗಾಗ ಬರುತ್ತಿರುತ್ತದೆ.

ಇದರ ಹೆಣ್ಣು ದೊಡ್ಡದು, ಮೊಟ್ಟೆ ಜಾಸ್ತಿ, ಮರಿ ಅಗ್ಗ. ಎಳೆಯ ವಯಸ್ಸಿನಲ್ಲಿ ಎರಡು ಜಾತಿಯ ಮರಿಗಳನ್ನು ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಕೆಲವರು ಎರಡನ್ನೂ ಕೂಡಿಸಿ ಮಿಶ್ರತಳಿ ಮಾಡುತ್ತಾರೆ. ಅದು ಇನ್ನೂ ಅಪಾಯ. ಹಾಗೆ ಬೆರೆತದ್ದು ತಳಿಮೀನಿನ, ಅಂದರೆ ತಾಯಿ-ತಂದೆ ಮೀನಿನ, ತೊಟ್ಟಿಗೆ ಸೇರಿದರೆ ಅಪ್ಪಟ ಮಾಗೂರ್ ಯಾವುದು ಅಂತ ಹೇಳಲು ವಂಶವಾಹಿ ಪರೀಕ್ಷೆಯೇ ಬೇಕಾಗುತ್ತದೆ.

ನೈಜೀರಿಯಾದಲ್ಲೂ ಇದೇ ಕಥೆ

ಇದೆಲ್ಲ ಮಾಗೂರ್ ಎಂಬ ನಾಜೂಕಿನ ಮೀನಿನ ಪಾಡು ಮಾತ್ರ ಅಂದುಕೊಂಡರೆ ನೈಜೀರಿಯಾ ಕಡೆ ನೋಡಬೇಕು. ನಾವು ನಿಷೇಧಿಸಿದ ಆ ಆಫ್ರಿಕನ್ ಕ್ಯಾಟ್‌ಫಿಶ್ ಅಲ್ಲಿ ಮನೆಯ ಮೀನು. ಆಫ್ರಿಕಾದಲ್ಲಿ ಈಜಿಪ್ಟ್ ಬಿಟ್ಟರೆ ಅತಿ ಹೆಚ್ಚು ಮೀನು ಸಾಕುವ ದೇಶ ಅದು. ಸಾಕುವುದರಲ್ಲಿ ದೊಡ್ಡ ಪಾಲು ಇದೇ ಮೀನು. ಹಿತ್ತಲ ಸಿಮೆಂಟ್ ತೊಟ್ಟಿಗಳಲ್ಲೇ ಹ್ಯಾಚರಿ ನಡೆಸುವವರು ಲೆಕ್ಕವಿಲ್ಲದಷ್ಟು.

ಅಲ್ಲೂ ಗಂಡನ್ನು ಕೊಂದೇ ಬೀಜ ತೆಗೆಯಬೇಕು. ಆದರೆ ಈ ಜಾತಿಯಲ್ಲಿ ಬೀಜಕೋಶ ದೊಡ್ಡದು. ಒಂದೇ ಗಂಡಿನಿಂದ ಹಲವು ಹೆಣ್ಣುಗಳ ಮೊಟ್ಟೆ ಫಲಿಸುತ್ತದೆ. ಉಳಿತಾಯ ಅಂತ ಕಾಣುವ ಇದರಲ್ಲೇ ಒಂದು ಹಳ್ಳ ಇದೆ. ಆ ವರ್ಷದ ಮರಿಗಳೆಲ್ಲ ಒಂದೇ ತಂದೆಯ ಮಕ್ಕಳು. ಅವುಗಳಲ್ಲೇ ಚೆನ್ನಾಗಿ ಬೆಳೆದವನ್ನು ಮುಂದಿನ ವರ್ಷಕ್ಕೆ ತಳಿಮೀನು ಅಂತ ಇಟ್ಟುಕೊಂಡರೆ ಅಣ್ಣ-ತಂಗಿಯನ್ನೇ ಜೋಡಿ ಮಾಡಿದಂತೆ. ಕೆಲವು ತಲೆಮಾರು ಹೀಗೆ ನಡೆದರೆ ಬೆಳವಣಿಗೆ ಕುಗ್ಗುತ್ತದೆ, ಅಂಗವಿಕಲ ಮರಿ ಹೆಚ್ಚುತ್ತವೆ. ತಡೆಯಲು ಬೇರೆ ಫಾರಂನ ಗಂಡು ತರಬೇಕು, ಯಾವುದು ಯಾರ ಮರಿ ಅಂತ ಪುಸ್ತಕದಲ್ಲಿ ಬರೆದಿಡಬೇಕು. ನೆದರ್ಲೆಂಡ್ಸ್‌ನಿಂದ ತಳಿಮೀನು ತರಿಸಿಕೊಂಡವರೂ ಅಲ್ಲಿದ್ದಾರೆ. ಅದು ದುಡ್ಡಿದ್ದವರ ದಾರಿ.

ಕರೆಂಟಿನ ಗೋಳು ಅಲ್ಲಿ ನಮಗಿಂತ ಹೆಚ್ಚು, ಜನರೇಟರ್ ಇಲ್ಲದೆ ಹ್ಯಾಚರಿ ಇಲ್ಲ. 2023ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ನೈರಾ ನಾಣ್ಯದ ಮೇಲಿನ ಹಿಡಿತ ಸಡಿಲಿಸಿತು. ನೈರಾ ಬೆಲೆ ಕುಸಿಯಿತು. ಆರ್ಟೀಮಿಯಾ ಡಬ್ಬ, ಎಳೆಮರಿಯ ಆಹಾರ, ಹಾರ್ಮೋನ್ ಹೀಗೆ ಡಾಲರ್ ಕೊಟ್ಟು ತರಿಸುವ ಎಲ್ಲವೂ ತುಟ್ಟಿಯಾಯಿತು. ಮೀನು ಸುಲಭದ್ದೇ ಆದರೂ ಅಡ್ಡಿಗಳು ಹೆಚ್ಚುಕಡಿಮೆ ಅವೇ.

ತರಬೇತಿ ಎಲ್ಲಿ ಜಾರುತ್ತದೆ?

ತರಬೇತಿ ಬೇಡ ಅಂತಲ್ಲ. ಆದರೆ ಎರಡು ಮೂರು ದಿನದ ತರಬೇತಿ ಬೇಸಿಗೆಯಲ್ಲೋ ಚಳಿಗಾಲದಲ್ಲೋ ನಡೆದರೆ ಹದಕ್ಕೆ ಬಂದ ಹೆಣ್ಣುಮೀನನ್ನು ಕೈಯಲ್ಲಿ ಹಿಡಿಯುವ ಅವಕಾಶವೇ ಇರುವುದಿಲ್ಲ. ಹೊಟ್ಟೆ ಎಷ್ಟು ಒತ್ತಬೇಕು ಅನ್ನುವುದು ಬೆರಳಿಗೆ ಬರಬೇಕಾದ ವಿದ್ಯೆ, ಪರದೆಯ ಮೇಲೆ ನೋಡಿ ಬರುವುದಲ್ಲ. ಇನ್ನೊಂದು, ಕಲಿತವರು ಇಡೀ ಪದ್ಧತಿಯನ್ನು ಒಟ್ಟಿಗೆ ಎತ್ತಿಕೊಳ್ಳುವುದು ಅಪರೂಪ. ಖರ್ಚಿಲ್ಲದ ತುಂಡುಗಳನ್ನು ಹೆಕ್ಕಿಕೊಳ್ಳುತ್ತಾರೆ. ಹೊಸ ಹಾರ್ಮೋನ್ ತರುತ್ತಾರೆ, ತಳಿಮೀನು ಮಾತ್ರ ಸಂತೆಯದ್ದೇ. ಫಲ ಸಿಗುವುದಿಲ್ಲ. ಆಗ ಪದ್ಧತಿಯೇ ಸರಿಯಿಲ್ಲ ಅನ್ನುವ ಮಾತು ಊರಿಡೀ ಹಬ್ಬುತ್ತದೆ.

ಹಾಗಾದರೆ ಚಿಕ್ಕವರು ಏನು ಮಾಡಬಹುದು? ಎತ್ತರದ ಸಿಂಟೆಕ್ಸ್ ಟ್ಯಾಂಕಿನಿಂದ ಟಬ್‌ಗಳಿಗೆ ನೀರು ಇಳಿಬಿಟ್ಟರೆ ರಾತ್ರಿ ಪಂಪಿನ ಚಿಂತೆ ತಪ್ಪುತ್ತದೆ. ಇದು ಕಡಿಮೆ ಖರ್ಚಿನ ಸುಧಾರಣೆ. ನಾಲ್ಕಾರು ಹ್ಯಾಚರಿಯವರು ಕೂಡಿ ತಳಿಮೀನನ್ನು ಒಂದೇ ಕಡೆ ಸಾಕಿ ಹಂಚಿಕೊಂಡರೆ ಒಂಬತ್ತು ತಿಂಗಳ ಆಹಾರದ ಹೊರೆ ಹಗುರ, ವಂಶದ ಲೆಕ್ಕವೂ ಸುಲಭ. ರೋಹುವಿಗೆ ಜಯಂತಿ ಎಂಬ ಸುಧಾರಿತ ತಳಿಯನ್ನು ಸೀಫಾ 1990ರ ದಶಕದಲ್ಲೇ ಕೊಟ್ಟಿತು. ಗುರುತು ಗೊತ್ತಿರುವ ತಳಿಮೀನು ಹೀಗೆ ಸರ್ಕಾರಿ ಸಂಸ್ಥೆಯಿಂದ ಸಿಕ್ಕಾಗ ಹ್ಯಾಚರಿಯವರ ಅರ್ಧ ಕಷ್ಟ ಇಳಿಯುತ್ತದೆ.

ಮರಿ ಕೊಳ್ಳುವವರಿಗೆ

ಸೀಫಾದ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಸರಘಟ್ಟದಲ್ಲಿದೆ. ತಾಲ್ಲೂಕಿನ ಮೀನುಗಾರಿಕೆ ಕಚೇರಿಯೂ ಇದೆ. ಹೊರ ರಾಜ್ಯದ ಮರಿಗೆ ಮುಂಗಡ ಕಳಿಸುವ ಮೊದಲು ಈ ಎರಡು ಕಡೆ ವಿಚಾರಿಸುವುದು ಒಳ್ಳೆಯದು.

ಮಾರುವವರನ್ನು ಕೇಳಬೇಕಾದ್ದು ಬೆಲೆಯೊಂದನ್ನೇ ಅಲ್ಲ. ತಳಿಮೀನು ಎಲ್ಲಿಯದು, ಸ್ವಂತ ಸಾಕಿದ್ದೋ ಸಂತೆಯದೋ? ಮರಿಗೆ ಎಷ್ಟು ದಿನ? ಎಳೆಯದರಲ್ಲಿ ಏನು ತಿನ್ನಿಸಿದ್ದರು? ಆಗಲೇ ಗಾಳಿ ಉಸಿರಾಡುತ್ತಿದೆಯೇ? ನೇರವಾಗಿ ಹ್ಯಾಚರಿಯವರಾದರೆ ಇದಕ್ಕೆಲ್ಲ ತಟ್ಟನೆ ಉತ್ತರ ಬರುತ್ತದೆ. ದಲ್ಲಾಳಿಯಾದರೆ ಮಾತು ಬದಲಾಗುತ್ತದೆ. ಐದಾರು ಸೆಂಟಿಮೀಟರ್ ದಾಟಿದ ಮರಿಗೆ ದುಡ್ಡು ಜಾಸ್ತಿ, ಆದರೆ ಅದು ದೊಡ್ಡ ಗಂಡಾಂತರಗಳನ್ನೆಲ್ಲ ಹ್ಯಾಚರಿಯಲ್ಲೇ ದಾಟಿ ಬಂದಿರುತ್ತದೆ. ಆ ಗಾತ್ರದಲ್ಲಿ ಎದೆಯ ಪಕ್ಕದ ಮುಳ್ಳು ಬಲಿತು ಪಾಲಿಥೀನ್ ತೂತು ಮಾಡುವುದರಿಂದ ಎರಡು ಪದರದ ಚೀಲ ಕೇಳಿ. ಪ್ಯಾಕ್ ಮಾಡುವ ಮುಂಚೆ ಹೊಟ್ಟೆ ಖಾಲಿ ಇಟ್ಟಿದ್ದರೇ ಅಂತಲೂ ವಿಚಾರಿಸಿ. ತಿಂದ ಮರಿ ದಾರಿಯಲ್ಲಿ ಹೇತು ನೀರು ಕೆಡಿಸುತ್ತದೆ.

ಮಾಗೂರ್ ಮರಿ ಹೆಚ್ಚಾಗಿ ಜುಲೈ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ ಸಿಗುವ ಸರಕು. ಮಾರ್ಚ್‌ನಲ್ಲಿ ಯಾರಾದರೂ ಫೋನ್ ಮಾಡಿ, ಎಳೆಮರಿ ಸ್ಟಾಕ್ ಇದೆ, ಎಷ್ಟು ಲಕ್ಷ ಬೇಕಾದರೂ ನಾಳೆಯೇ ಕಳಿಸುತ್ತೇವೆ ಅಂದರೆ, ಅದು ಯಾವ ಮೀನಿನ ಮರಿ ಅಂತ ಇನ್ನೊಂದು ಸಲ ಕೇಳಿ.